ಚಿನ್ನ, ಸ್ಟೀಲು ಕೂಡುವ ಗೆರೆ: ಹಳೆಯ ಜಿಎಂಟಿ ವಾಚನ್ನು ನಾನು ನೋಡಿಕೊಳ್ಳುವ ರೀತಿ

ಚಿನ್ನ, ಸ್ಟೀಲು ಎರಡೂ ಬಣ್ಣದ ಟೂ-ಟೋನ್ ವಾಚು ಅಂದರೆ ದಾವಣಗೆರೆಯಲ್ಲಿ ಮೊದಲು ಕೇಳುವ ಮಾತು "ಮದುವೆ ವಾಚಾ?" ಎಂದು. ಅಳಿಯನಿಗೆ ಕೊಡುವ ಗಿಲೀಟಿನ ವಾಚುಗಳನ್ನು ನೋಡಿ ನೋಡಿ ಬಂದ ಮಾತು, ತಪ್ಪೇನಿಲ್ಲ. ಆದರೆ ಎರಡು ಊರಿನ ಸಮಯ ತೋರಿಸುವ 1980ರ ದಶಕದ ರೋಲೆಕ್ಸ್ ಜಿಎಂಟಿ-ಮಾಸ್ಟರ್, 16753 ಸಂಖ್ಯೆಯ ಮಾದರಿಯಲ್ಲಿ ಗಿಲೀಟಿಲ್ಲ. ಬೆಜೆಲಿನ ಉಂಗುರ (ಗಾಜಿನ ಸುತ್ತ ತಿರುಗುವುದು), ಕ್ರೌನು (ಕೀ ಕೊಡುವ ಗುಂಡಿ), ಚೈನಿನ ನಡುಸಾಲುಗಳು ಚಿನ್ನ. ಕೇಸು ಮತ್ತು ಚೈನಿನ ಅಂಚಿನ ಸಾಲುಗಳು ಸ್ಟೀಲು. ಈ ಜೋಡಿಗೆ ಕಂಪನಿ 1933ರಲ್ಲೇ ನೋಂದಾಯಿಸಿದ ಹೆಸರು ರೋಲೆಸೋರ್.

ಇದರ ಚೆಲುವು ಇರುವುದು ಚಿನ್ನದಲ್ಲೂ ಅಲ್ಲ, ಸ್ಟೀಲಿನಲ್ಲೂ ಅಲ್ಲ, ಎರಡೂ ಕೂಡುವ ಗೆರೆಯಲ್ಲಿ. ಜುಬಿಲಿ ಅನ್ನುವ ಐದು ಸಾಲಿನ ಚೈನನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ: ನಡುವಿನ ಮೂರು ಸಾಲು ಕನ್ನಡಿಯಂತೆ ಹೊಳೆಯುತ್ತದೆ, ಎರಡೂ ಅಂಚಿನ ಸ್ಟೀಲಿನ ಮೇಲೆ ಉದ್ದಕ್ಕೆ ಸಣ್ಣ ಸಣ್ಣ ಗೀರಿನ ಮಂಕು ಇರುತ್ತದೆ. ಹೊಳಪು ಎಲ್ಲಿ ನಿಂತು ಮಂಕು ಎಲ್ಲಿ ಶುರುವಾಗುತ್ತದೆ ಎಂಬುದು ಕತ್ತರಿಸಿದಂತೆ ಕಾಣಬೇಕು. ಕೊಳ್ಳುವಾಗ ನಾನು ಮೊದಲು ನೋಡುವುದು ಇದನ್ನೇ. ಎಲ್ಲವೂ ಒಂದೇ ಸಮ ಥಳಥಳ ಅನ್ನುತ್ತಿದ್ದರೆ ಯಾರೋ ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ ಹಿಡಿದಿದ್ದಾರೆ ಎಂದೇ ಅರ್ಥ.

ಚಕ್ರಕ್ಕೆ ಹಿಡಿದರೆ ಆಗುವುದೇನು? ಚಿನ್ನ ಮೆತ್ತಗೆ, ಸ್ಟೀಲು ಗಟ್ಟಿ. ಒಂದೇ ಒತ್ತಡಕ್ಕೆ ಚಿನ್ನ ಬೇಗ ಸವೆದು ಕೆಳಗಿಳಿಯುತ್ತದೆ, ಸ್ಟೀಲಿನ ಅಂಚು ಮಾತ್ರ ಎದ್ದು ನಿಲ್ಲುತ್ತದೆ. ಉಗುರು ಆಡಿಸಿದರೆ ಮೆಟ್ಟಿಲು ತಾಗುತ್ತದೆ. ಸ್ಟೀಲಿಗೆ ಹಿಡಿದ ಬಫನ್ನೇ ಚಿನ್ನಕ್ಕೂ ಹಿಡಿದರೆ ಕಪ್ಪು ಮಸಿ ಮೆತ್ತಿಕೊಳ್ಳುತ್ತದೆ. ಬೆಜೆಲಿನ ಸುತ್ತಲಿನ ಹಲ್ಲುಗಳು ದುಂಡಗಾದರೆ ಮತ್ತೆ ಬರುವುದಿಲ್ಲ. ಮಂಡಿಪೇಟೆಯ ಕಡೆ ಬಳೆ, ಸರಕ್ಕೆ ಒಳ್ಳೆಯ ಪಾಲಿಶ್ ಮಾಡುವ ಅಕ್ಕಸಾಲಿಗರಿದ್ದಾರೆ. ಅವರ ಕೈ ಚೆನ್ನಾಗಿದೆ, ಆದರೆ ಈ ಕೆಲಸವೇ ಬೇರೆ.

ಸ್ಟೀಲಿನ ಗೀರು ತೀರಾ ಕಣ್ಣಿಗೆ ಹೊಡೆದರೆ ಮಾತ್ರ ಕೈ ಹಾಕುತ್ತೇನೆ. ಮೊಬೈಲ್ ರಿಪೇರಿಯವರು ಬಳಸುವ ಹಳದಿ ಹೀಟ್ ಟೇಪನ್ನು ಚಿನ್ನದ ಸಾಲುಗಳ ಮೇಲೆ ಅಂಚಿಗೆ ಸರಿಯಾಗಿ ಅಂಟಿಸಿ, ನಯವಾದ ಬೂದು ಸ್ಕ್ರಬ್ ಪ್ಯಾಡಿನಿಂದ ಚೈನಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಐದಾರು ಎಳೆತ. ಹಿಂದೆ ಮುಂದೆ ಉಜ್ಜಿದರೆ ಗೀರುಗಳು ಒಂದರ ಮೇಲೊಂದು ಬಿದ್ದು ಮಂಕು ಕೆಡುತ್ತದೆ. ಪಾತ್ರೆ ತಿಕ್ಕುವ ಹಸಿರು ಪ್ಯಾಡು ಬೇಡ, ಒರಟು. ಚಿನ್ನದ ಗೀರಿಗೆ ಏನೂ ಮಾಡುವುದಿಲ್ಲ.

ಚಿನ್ನ ನಿಜವೋ ಎಂದು ತಿಳಿಯಲು ಒರೆಗಲ್ಲಿಗೆ ಉಜ್ಜಲು ಬಿಡಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ಬೆಜೆಲಿನ ಹಲ್ಲಿನ ತುದಿ, ಚೈನಿನ ಮೂಲೆ ನೋಡಿ. ಗಟ್ಟಿ ಚಿನ್ನ ಎಷ್ಟು ಸವೆದರೂ ಬಣ್ಣ ಒಂದೇ. ಗಿಲೀಟಾದರೆ ಅಲ್ಲಿ ಬಿಳಿಯೋ ಕೆಂಪೋ ಇಣುಕುತ್ತದೆ. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ಆರ್‌ಎಫ್ ಯಂತ್ರ ಎಕ್ಸ್-ರೇ ಬಿಟ್ಟು ಗೀರಿಲ್ಲದೆ ಚಿನ್ನದ ಪಾಲು ಅಳೆಯುತ್ತದೆ, 18 ಕ್ಯಾರೆಟ್ಟಿಗೆ ಸಾವಿರಕ್ಕೆ 750ರ ಆಸುಪಾಸು ಬರಬೇಕು. ಅದು ಮೇಲ್ಮೈಯನ್ನಷ್ಟೇ ಓದುವುದರಿಂದ ದಪ್ಪ ಲೇಪನ ಮೋಸ ಮಾಡಬಹುದು. ಹಾಗಾಗಿ ಲೂಪು ಮೊದಲು, ಯಂತ್ರ ಆಮೇಲೆ. ಚೈನು 585 ತೋರಿಸಿತೆಂದು ನಕಲಿ ಅನ್ನಬೇಡಿ. ಅಮೆರಿಕಕ್ಕೆ ಹೋದ ಕೆಲವು ವಾಚುಗಳ ಚೈನು 14 ಕ್ಯಾರೆಟ್ಟಿನದು.

ಡಯಲಿನಲ್ಲಿ ಗಂಟೆಯ ಗುರುತುಗಳು ಚಿನ್ನದ ಪುಟ್ಟ ಬಟ್ಟಲಿನಂತೆ ಎದ್ದಿದ್ದು, ನಡುವೆ ಕತ್ತಲಲ್ಲಿ ಬೆಳಗುವ ಟ್ರಿಟಿಯಂ ಬಣ್ಣ ಚುಕ್ಕಿಯಷ್ಟು ಇದ್ದರೆ ಅದನ್ನೇ ನಿಪ್ಪಲ್ ಡಯಲ್ ಅನ್ನುವುದು. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ, ನಾಲ್ಕು ದಶಕದಲ್ಲಿ ಹತ್ತನೇ ಒಂದು ಪಾಲು ಉಳಿದರೆ ಹೆಚ್ಚು. ಯುವಿ ಟಾರ್ಚು ಬಿಟ್ಟು ಆರಿಸಿದ ಮೇಲೂ ಬಹಳ ಹೊತ್ತು ಜೋರಾಗಿ ಬೆಳಗಿದರೆ ಹೊಸ ಬಣ್ಣ ತುಂಬಿದ್ದಾರೆ. ಮುಳ್ಳು ಮತ್ತು ಡಯಲಿನ ಬಣ್ಣ ಹೊಂದದಿದ್ದರೂ ಅನುಮಾನಿಸಿ. ನಮ್ಮಲ್ಲಿ ಮತ್ತೆ ಅಚ್ಚು ಹಾಕಿದ ಡಯಲುಗಳ ಕಾಟ ಹೆಚ್ಚು. ಲೂಪಿನಲ್ಲಿ ಅಕ್ಷರದ ಅಂಚು ಹರಡಿದಂತೆ ಕಂಡರೆ ಅಂಥದ್ದೇ.

ಕಂದು-ಚಿನ್ನದ ಅಲ್ಯೂಮಿನಿಯಂ ಬೆಜೆಲ್ ಪಟ್ಟಿ ಬಿಸಿಲಿಗೆ ಮಾಸಿದ್ದರೆ ಹಾಗೇ ಇರಲಿ. ಅದನ್ನು ಕಿತ್ತು ಹೊಸದು ಹಾಕುವುದು, ನನ್ನ ಮಟ್ಟಿಗೆ, ದುಡ್ಡು ಕೊಟ್ಟು ಬೆಲೆ ಇಳಿಸಿಕೊಂಡ ಹಾಗೆ.

ಇನ್ನು ತೊಳೆಯುವುದು. ಇಲ್ಲಿಯ ಧೂಳು ಬೆವರಿನ ಜೊತೆ ಸೇರಿ ಚೈನಿನೊಳಗೆ ಉಜ್ಜುವ ಪೇಸ್ಟ್ ಆಗುತ್ತದೆ. ಪಿನ್ನುಗಳನ್ನು ಸವೆಸಿ ಚೈನು ಜೋಲುವಂತೆ ಮಾಡುವುದು ಅದೇ. ಚೈನು ಸೇರುವ ಕೇಸಿನ ಕೊಂಬುಗಳ ಒಳಬದಿಗೆ ಟೇಪು ಅಂಟಿಸಿ, ಅದನ್ನು ಹಿಡಿದಿರುವ ಸ್ಪ್ರಿಂಗ್ ಬಾರ್ ಒತ್ತಿ ಚೈನು ಬಿಡಿಸುತ್ತೇನೆ. ಉಗುರುಬೆಚ್ಚಗಿನ 300 ಮಿ.ಲೀ. ನೀರು, ಪಾತ್ರೆ ತೊಳೆಯುವ ದ್ರವ ಎರಡು ಹನಿ, ಇಪ್ಪತ್ತು ನಿಮಿಷ ನೆನೆಸಿ ಮಕ್ಕಳ ಹಲ್ಲುಬ್ರಷ್ಷಿನಿಂದ ಒಳಗಡೆಯಿಂದ ತಿಕ್ಕುವುದು. ಕೊನೆಯ ಜಾಲಾಡಿಕೆಗೆ ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಬಿಳಿ ಕಲೆ ಗೆರೆಯ ಮೇಲೇ ಕೂರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಾಕು. ಹುಣಸೆಹಣ್ಣು-ಉಪ್ಪಿನ ಮನೆಮದ್ದು ಹಿತ್ತಾಳೆ ಬಿಂದಿಗೆಗೆ ಇರಲಿ, ಉಪ್ಪಿನ ಕ್ಲೋರೈಡು ಸ್ಟೀಲಿನಲ್ಲಿ ಸೂಜಿಮೊನೆಯ ಗುಂಡಿ ತೋಡುತ್ತದೆ. ವಾಚಿನ ತಲೆಯನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿಯುವಂತಿಲ್ಲ. ಒತ್ತಡ ಪರೀಕ್ಷೆ ಆಗದ, ನೀರು ತಡೆಯುವ ಹಳೆಯ ಗ್ಯಾಸ್ಕೆಟ್ಟನ್ನು ನಂಬಬಾರದು. ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿದರಾಯಿತು.

ಚೈನು ಜೋತಿದ್ದರೆ ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ನಡುಸಾಲಿನ ಚಿನ್ನದ ಕೊಂಡಿಗಳು ಟೊಳ್ಳು, ಒತ್ತಿದರೆ ಸೀಳುತ್ತವೆ. ಸರಿಯಾದ ರಿಪೇರಿ ಅಂದರೆ ಪಿನ್ನು ಬದಲಿಸಿ ಸವೆದ ತೂತನ್ನು ತುಂಬುವುದು. ಅದಕ್ಕೆ ಚೈನಿನದೇ ಕೆಲಸ ಮಾಡುವವರು ಬೇಕು.

ಗಾಜು ಅಕ್ರಿಲಿಕ್. ಸಣ್ಣ ಗೀರಿಗೆ ಬಿಳಿ ಟೂತ್‌ಪೇಸ್ಟ್, ಹತ್ತಿ ಬಟ್ಟೆ, ಎರಡು ಮೂರು ನಿಮಿಷ. ತಾರೀಖಿನ ಮೇಲಿನ ಉಬ್ಬುಗಾಜಿನ ಅಂಚನ್ನು ಬಿಟ್ಟು ಉಜ್ಜಿ. ನೇಲ್ ಪಾಲಿಶ್ ರಿಮೂವರ್ ತಾಗಿತೋ, ಗಾಜು ಹೋಯಿತು.

ಒಳಗಿರುವ ಯಂತ್ರ 3075 ಕ್ಯಾಲಿಬರ್, ಗಂಟೆಗೆ 28,800 ಬಡಿತ. ಟೈಮ್‌ಗ್ರಾಫರಿನಲ್ಲಿ (ಬಡಿತ ಕೇಳಿ ಅಳೆಯುವ ಯಂತ್ರ) ಲಿಫ್ಟ್ ಆಂಗಲ್ ಅನ್ನುವ ಅಂಕಿ 52 ಇಟ್ಟು, ಪೂರ್ತಿ ಕೀ ಕೊಟ್ಟು ಡಯಲ್ ಮೇಲೆ ಮಾಡಿ ಮಲಗಿಸಿದಾಗ ಆಂಪ್ಲಿಟ್ಯೂಡ್, ಅಂದರೆ ಒಳಗಿನ ಚಕ್ರದ ತೂಗಾಟ, 270 ಡಿಗ್ರಿಗೆ ಕಡಿಮೆ ಇರಬಾರದು ಅನ್ನುವುದು ನನ್ನ ಅಳತೆ. ಒಂದು ದಿನದ ಮೇಲೆ 200ಕ್ಕಿಂತ ಕೆಳಗಿಳಿದರೆ ಎಣ್ಣೆ ಒಣಗಿದೆ, ಸರ್ವಿಸಿಗೆ ಕೊಡಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ತಿರುಗಿಸಬೇಡಿ. ಕ್ರೌನ್ ಮುಚ್ಚುವಾಗ ಮೊದಲು ಹಿಂದಕ್ಕೆ ತಿರುಗಿಸಿ, ತಿರುಪಿನ ಎಳೆ ಕೂತದ್ದು ಬೆರಳಿಗೆ ತಿಳಿದ ಮೇಲೆ ಮುಂದಕ್ಕೆ.

ಬೆಜೆಲಿಗೆ ಕ್ಲಿಕ್ ಇಲ್ಲ, ಬಿಗಿತದಲ್ಲೇ ಎರಡೂ ಕಡೆ ತಿರುಗುತ್ತದೆ. ತಿರುಗಿಸುವ ಮುಂಚೆ ರಬ್ಬರ್ ಬ್ಲೋವರಿನಿಂದ ಸುತ್ತ ಗಾಳಿ ಹೊಡೆಯಿರಿ. ಮರಳಿನ ಕಣ ಸಿಕ್ಕಿಕೊಂಡರೆ ಕೆಳಗಿನ ಕೇಸು ಗೀರಿಕೊಳ್ಳುತ್ತದೆ. ಕ್ಲಿಕ್ ಇಲ್ಲದಿರುವುದೇ ನಮಗೆ ಅನುಕೂಲ, ನಮ್ಮ ಸಮಯದಲ್ಲಿ ಅರ್ಧ ಗಂಟೆಯ ತೊಡಕಿದೆಯಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಜೆಲನ್ನು ಬಲಕ್ಕೆ ಒಂದೂವರೆ ಗಂಟೆಯಷ್ಟು ಸರಿಸಿದರೆ, ದಾವಣಗೆರೆಯಲ್ಲಿ ರಾತ್ರಿ ಒಂಬತ್ತಾದಾಗ ದಿನಕ್ಕೊಂದೇ ಸುತ್ತು ಹಾಕುವ 24 ಗಂಟೆಯ ಮುಳ್ಳು ಬೆಜೆಲಿನ 18 ಮತ್ತು 20ರ ಅಂಕಿಗಳ ನಡುವೆ ಮುಕ್ಕಾಲು ದಾರಿಯಲ್ಲಿರುತ್ತದೆ: ಅಲ್ಲಿ ಏಳೂವರೆ.