ಹೊಳಿ ಮೋಟರಿಗೆ 4ಜಿ ಸಿಮ್ ನಡೆಯೂದಿಲ್ಲ ಅಂದವರು ಓದ್ರಿ

ಜಮಖಂಡಿ ಕಡೆ ಕೃಷ್ಣಾ ದಂಡಿಯ ಮೋಟರುಗಳಿಗೆ ನಾನು ಕೂಡಿಸಿದ 4ಜಿ ಮೊಬೈಲ್ ಸ್ಟಾರ್ಟರುಗಳು, ಅಂದರೆ ಫೋನ್ ಕಾಲಿನಿಂದ ಮೋಟರ್ ಆನ್, ಆಫ್ ಮಾಡುವ ಸೆಟ್ಟುಗಳು, ಈ ಮಳೆಗಾಲವನ್ನೂ ದಾಟಿದವು. ಮೂವತ್ತರ ಮೇಲೆ ಸೆಟ್ ಇರಬೇಕು. ‘4ಜಿ ಅಂದ್ರ ಡಾಟಾ, ಮೋಟರ್ ಏನ್ ವಿಡಿಯೊ ನೋಡ್ತದೇನು?’ ಅಂತ ನಕ್ಕವರೇ ಈಗ ಬೋರ್ಡ್ ಎಲ್ಲಿ ಸಿಗ್ತದ ಅಂತ ಕೇಳ್ತಾರೆ.

ಹಳೆ ಸೆಟ್ಟಿನ ಕಥೆ ನಿಮಗೂ ಗೊತ್ತು. ಒಳಗೆ ಸಿಮ್ ಕೂರಿಸುವ ಮೋಡ್ಯೂಲ್ ಸಿಮ್900 ಇಲ್ಲವೇ ಸಿಮ್800, ಅಂದರೆ 2ಜಿ ಮಾತ್ರ. ಜಿಯೊ 2016ರಲ್ಲಿ ಶುರುವಾದಾಗಿಂದ 2ಜಿ ಇಟ್ಟೇ ಇಲ್ಲ, ಆ ಸಿಮ್ ಇದರಲ್ಲಿ ಏಳುವುದೇ ಇಲ್ಲ. ಏರ್‌ಟೆಲ್ 3ಜಿ ಮುಚ್ಚಿದರೂ 2ಜಿ ಇಟ್ಟುಕೊಂಡಿದೆ, ನಿಜ. ಆದರೆ ಚಿಕ್ಕಪಡಸಲಗಿ ಬ್ಯಾರೇಜಿನ ಹಿನ್ನೀರಿನ ತಗ್ಗಿನಲ್ಲಿ 2ಜಿ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯ್ತು. ತ್ರೀಫೇಸ್ ಕೊಡುವುದು ನಡುರಾತ್ರಿ. ಕಾಲ್ ಹತ್ತಲಿಲ್ಲ ಅಂದರೆ ರೈತ ಬ್ಯಾಟರಿ ಹಿಡಿದು ದಂಡಿಗೆ ಇಳಿಯಲೇಬೇಕು.

ಮೊದಲು ಅಗ್ಗದ ದಾರಿ ಹಿಡಿದೆ. ಕೀಪ್ಯಾಡಿನ ಹಳೆ 4ಜಿ ಫೋನಿಗೆ ಆಟೊ ಆನ್ಸರ್ ಹಾಕಿ, ಇಯರ್‌ಫೋನ್ ವೈರನ್ನು 8870 ಐಸಿಗೆ ಕೊಟ್ಟೆ. ಕಾಲಿನಲ್ಲಿ ಒತ್ತಿದ ಅಂಕಿಯನ್ನು ಅದರ ಟೋನಿನಿಂದ ಗುರುತಿಸುವ ಚಿಪ್ ಅದು. ಅಂಗಡಿ ಟೇಬಲ್ ಮೇಲೆ ಝಮ್ಮಂತ ನಡೀತು. ಏಪ್ರಿಲ್ ಬಿಸಿಲಿಗೆ ತಗಡಿನ ಪೆಟ್ಟಿಗೆಯೊಳಗೆ ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಹಾರಿತು. ಮೂರು ಸಾವಿರದ ಹತ್ತಿರ ಹೋಯ್ತು.

ಆಮೇಲೆ ಎ7672ಎಸ್ ಅನ್ನುವ 4ಜಿ ಮೋಡ್ಯೂಲ್ ತರಿಸಿದೆ. ಸಿಮ್ ಏಳ್ತು, ಕಾಲ್ ಬಂತು, ‘1’ ಒತ್ತಿದರೆ ಏನೂ ಇಲ್ಲ. ವೋಲ್ಟಿಯಲ್ಲಿ, ಅಂದರೆ 4ಜಿ ಮೇಲಿನ ಕಾಲಿನಲ್ಲಿ, ಒತ್ತಿದ ಅಂಕಿ ದನಿಯಾಗಿ ಬರುವುದಿಲ್ಲ, ಬೇರೆ ಪ್ಯಾಕೆಟ್ಟಾಗಿ ಬರ್ತದೆ, ಈ ಮೋಡ್ಯೂಲ್ ಅದನ್ನು ದನಿ ಮಾಡಿ ಕೊಡಲಿಲ್ಲ. ನಮ್ಮ 8870 ಬೇಡುವುದು ದನಿ. ಎರಡು ಬೋರ್ಡ್, ಹೆಚ್ಚುಕಮ್ಮಿ ಒಂದು ತಿಂಗಳು ಇದಕ್ಕೇ ಹೋಯ್ತು. ಕಡೆಗೆ ಟೋನಿನ ಸಹವಾಸವನ್ನೇ ಬಿಟ್ಟೆ.

ಈಗ ಕಾಲ್ ಎತ್ತುವುದೇ ಇಲ್ಲ. ಕ್ಲಿಪ್ ಕಮಾಂಡಿನಿಂದ ಕರೆದವರ ನಂಬರ್ ಓದಿ, ಸೆಟ್ಟಿನಲ್ಲಿ ತುಂಬಿಟ್ಟ ನಂಬರಿನ ಪಟ್ಟಿಯಲ್ಲಿದ್ದರೆ ಮಾತ್ರ ಮುಂದಿನ ಕೆಲಸ. ಪಟ್ಟಿ ಇಲ್ಲದ ಮಿಸ್ಡ್‌ಕಾಲ್ ಸೆಟ್ಟೊಂದು ನಮ್ಮ ಪಕ್ಕದೂರಿನಲ್ಲಿ ಸಾಲ ಬೇಕೇನ್ರಿ ಅನ್ನುವ ಕಾಲಿಗೆ ಎದ್ದು ಮೋಟರ್ ಒಣ ಓಡಿಸಿತ್ತು, ವೈಂಡಿಂಗ್ ಸುಟ್ಟು ಎಂಟು ಸಾವಿರ. ಒಂದೇ ನಂಬರಿನಿಂದ ಆನ್ ಯಾವುದು, ಆಫ್ ಯಾವುದು ಅಂತ ಹೇಗೆ ಗುರುತಿಸ್ತೀನಿ ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ. ಒಂದು ಫೇಸಿಗೆ ಕರೆಂಟ್ ಅಳೆಯುವ ಸಿಟಿ ಕಾಯಿಲ್ ಹಾಕಿರ್ತೀನಿ, ಆಂಪ್ಸ್ ಏರಿದರೆ ಮಾತ್ರ ಸೆಟ್ ತಿರುಗಿ ಒಂದು ರಿಂಗ್ ಕೊಡ್ತದೆ.

ಹೆಚ್ಚು ಸತಾಯಿಸಿದ್ದು ಸಿಗ್ನಲ್. ಮೋಡ್ಯೂಲ್ ತಾಸಿಗೊಮ್ಮೆ 2300 ಮೆಗಾಹರ್ಟ್ಸ್ ಬ್ಯಾಂಡಿಗೂ 850ಕ್ಕೂ ಹಾರ್ತಿತ್ತು, ಹಾರಿದಾಗೆಲ್ಲ ಅರ್ಧ ನಿಮಿಷ ನಾಪತ್ತೆ. ಬ್ಯಾಂಡ್ 5ಕ್ಕೆ, ಅಂದರೆ 850ಕ್ಕೇ ಲಾಕ್ ಮಾಡಿ, ಆಂಟೆನಾ ಪೆಟ್ಟಿಗೆಯ ಹೊರಗೆ ತಂದು ಬೇವಿನ ಗಿಡಕ್ಕೆ ಕಟ್ಟಿದ ಮೇಲೆ ಸಿಗ್ನಲ್ ಬಲ ತೋರಿಸುವ ಸಿಎಸ್‌ಕ್ಯೂ ಅಂಕಿ ಎಂಟೊಂಬತ್ತರಿಂದ ಹದಿನೆಂಟಕ್ಕೆ ಬಂತು. ಕೇಬಲ್ ಮೂರು ಮೀಟರ್ ದಾಟಿಸಬೇಡಿ, ಹತ್ತು ಮೀಟರ್ ಹಾಕಿ ನೋಡಿದೆ, ಗಳಿಸಿದ್ದೆಲ್ಲ ಕೇಬಲ್ಲೇ ನುಂಗಿತು. ಮೋಟರ್ ಸ್ಟಾರ್ಟರ್ ಸ್ಟಾರಿನಿಂದ ಡೆಲ್ಟಾಕ್ಕೆ ಬದಲಾಗುವಾಗ ಮೋಡ್ಯೂಲ್ ರೀಸೆಟ್ ಆಗ್ತಿದ್ದರೆ ಕಾಂಟ್ಯಾಕ್ಟರ್ ಕಾಯಿಲಿಗೆ ಆರ್‌ಸಿ ಸ್ನಬ್ಬರ್, ಅಂದರೆ ಕಿಡಿಯ ಹೊಡೆತ ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ, ಹಾಕಿ. ಯಾವ ಬೆಲೆಯದು ಅಂತ ಕೇಳಬೇಡಿ, ನೀವೂ ನಾಲ್ಕು ಸುಟ್ಟು ಕಲೀರಿ.

ಹಳೆ 2ಜಿ ಸಿಮ್ಮನ್ನೇ 4ಜಿಗೆ ಬದಲಿಸಿ ತಂದವರು ಆ ದಿನವೇ ಎಸ್‌ಎಂಎಸ್ ಟೆಸ್ಟ್ ಮಾಡಿ ಬೋರ್ಡಿಗೆ ಬೈಯಬೇಡಿ. ಸಿಮ್ ಬದಲಾದ ಮೇಲೆ 24 ತಾಸು ಎಸ್‌ಎಂಎಸ್ ಬಂದ್ ಇರ್ತದೆ, ಅದು ದೂರಸಂಪರ್ಕ ಇಲಾಖೆಯ ನಿಯಮ.

ರೀಚಾರ್ಜೇ ರೈತರ ದೊಡ್ಡ ತಕರಾರು. ‘ತಮ್ಮಾ, ಮೋಟರಿಗೂ ತಿಂಗಳಾ ತಿಂಗಳಾ ಡಾಟಾ ಹಾಕ್ಸಬೇಕೇನೋ?’ ಅಂದರು ಒಬ್ಬ ಕಾಕಾ. 2024ರ ಡಿಸೆಂಬರಿನಲ್ಲಿ ಮೊಬೈಲ್ ಕಂಪನಿಗಳ ಮೇಲಿನ ನಿಯಂತ್ರಕ ಟ್ರಾಯ್ ಬರೀ ಕಾಲ್, ಎಸ್‌ಎಂಎಸ್ ಪ್ಯಾಕ್ ಇಡಲೇಬೇಕು ಅಂದ ಮೇಲೆ 84 ದಿನಕ್ಕೆ ನಾಲ್ಕುನೂರೈವತ್ತರ ಆಸುಪಾಸಿನಲ್ಲಿ ಕೆಲಸ ಮುಗೀತದೆ. ಆ ಪ್ಯಾಕ್ ಅಂಗಡಿಯವ ತಾನಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ನನ್ನ ಸೆಟ್ ಕಾಲ್ ಎತ್ತದಿದ್ದರೂ ವ್ಯಾಲಿಡಿಟಿ ಬೇಕೇ ಬೇಕು.

ಹಳೆ ಪೆಟ್ಟಿಗೆ, ರಿಲೇ ಇಟ್ಟುಕೊಂಡು ಬೋರ್ಡ್ ಮಾತ್ರ ಬದಲಿಸಿದರೆ ನನಗೆ ಹದಿನೆಂಟುನೂರು ಬೀಳ್ತದೆ, ಮೂರು ಸಾವಿರ ತಗೋತೀನಿ. ಹೊಸ ಸೆಟ್ ಪೇಟೆಯಲ್ಲಿ ಆರು ಸಾವಿರದ ಮೇಲೆ.

ಬಿಎಸ್‌ಎನ್‌ಎಲ್ ಸಿಮ್ ಮಾತ್ರ ಇನ್ನೂ ಬಾಕಿ. ಅವರ ಸ್ವದೇಶಿ 4ಜಿಗೆ 2025ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಅದರಲ್ಲಿ ದೂರ ಹೋಗುವುದು 700ರ ಬ್ಯಾಂಡ್, ನಾನು ತರಿಸಿದ ಮೋಡ್ಯೂಲಿನಲ್ಲಿ ಅದಿಲ್ಲ. 700 ಇರುವ ಬೇರೆ ಮೋಡ್ಯೂಲ್ ಎರಡಕ್ಕೆ ಆರ್ಡರ್ ಹಾಕಿದ್ದೇನೆ. ಅಲ್ಲೀತನಕ ಆ ಸಿಮ್ ಹಿಡಿದು ಬಂದ ಗಿರಾಕಿಗೆ ‘ಅಣ್ಣಾ, ಬ್ಯಾರೆ ಕಂಪನಿ ಸಿಮ್ ತಗೊಂಡ್ ಬಾ’ ಅಂತಲೇ ಹೇಳ್ತಿದ್ದೇನೆ.