315ರ ಒದೆತಕ್ಕೆ ನನ್ನ ಹೆಗಲು ಒಗ್ಗಿದ್ದು ಹೀಗೆ

ಅಪ್ಪನ 315 (ನಳಿಗೆಯ ಒಳಅಗಲ ಪಾಯಿಂಟ್ 315 ಇಂಚು) ರೈಫಲ್, ನನ್ನ ಹೆಸರಿಗೆ ಲೈಸೆನ್ಸ್ ಆದಮೇಲೆ ನನ್ನ ಕೈಗೆ ಬಂತು. ಪಶ್ಚಿಮ ಬಂಗಾಳದ ಇಶಾಪುರ ಫ್ಯಾಕ್ಟರಿಯದು. ಒಂದು ಕಾಲದಲ್ಲಿ ಜನ ಬೇಟೆಗೆ ಅಂತಲೇ ಕೊಳ್ಳುತ್ತಿದ್ದ ಬಂದೂಕು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ಕಾಲ ಮುಗಿಯಿತು. ನಾನು ಹೊಡೆಯುವುದು ಕಲಬುರಗಿ ಹೊರಗಿನ ರೇಂಜ್‌ನಲ್ಲಿ, ಕಾಗದದ ಗುರಿಗೆ ಮಾತ್ರ.

ಮೊದಲ ದಿನ ಟೇಬಲ್ ಮೇಲೆ ಬಗ್ಗಿ ಕೂತು ಹೊಡೆದೆ. ಬಟ್, ಅಂದರೆ ಹೆಗಲಿಗೆ ಒತ್ತುವ ಬಂದೂಕಿನ ಹಿಂದಿನ ಮರದ ತುದಿ, ನೇರ ಕೊರಳೆಲುಬಿಗೆ ಬಡಿಯಿತು. ಆರನೇ ತೋಟಾಕ್ಕೆ ಕೈ ಎತ್ತಲು ಆಗಲಿಲ್ಲ. ಗುಂಡಿನ ತೂಕ ಹೆಚ್ಚುಕಡಿಮೆ 16 ಗ್ರಾಂ. ಅದು ಮುಂದೆ ಹೋದಷ್ಟೇ ಜೋರಿನ ತಳ್ಳು ಹಿಂದಕ್ಕೂ ಬರುತ್ತದೆ. ಅದನ್ನು ಇಲ್ಲವಾಗಿಸಲು ಆಗಲ್ಲ. ಹೆಚ್ಚು ಜಾಗಕ್ಕೆ ಹರಡಬಹುದು, ಬಡಿತವನ್ನು ಸ್ವಲ್ಪ ನಿಧಾನ ಮಾಡಬಹುದು, ಅಷ್ಟೇ.

ಕಲಬುರಗಿ ಬಿಸಿಲಿಗೆ ನಾವೆಲ್ಲ ತೆಳು ಅಂಗಿಯವರು, ಅಲ್ವಾ? ಹಾಗಾಗಿ ಹಳೇ ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಇಟ್ಟುಕೊಂಡೆ. ಎರಡನೇ ಸಲ ಹೊಡೆದಾಗಲೇ ಅದು ಜಾರಿತು, ಬಟ್ ತೋಳಿನ ಮೇಲೆ ಹೋಗಿ ಕೂತಿತು. ಆಮೇಲೆ ಎರಡೇ ಮಡಿಕೆ ಮಾಡಿ, ಕೊರಳೆಲುಬಿನ ಕೆಳಗೆ ಎದೆ ಮತ್ತು ತೋಳು ಕೂಡುವ ತಗ್ಗಿನ ಜಾಗಕ್ಕೆ ಹೊಲಿಸಿದೆ. ದಪ್ಪ ಜಾಸ್ತಿಯಾದರೆ ಬಂದೂಕು ನಮ್ಮ ಅಳತೆಗೆ ಉದ್ದವಾಗುತ್ತದೆ. ಆಗ ಕೆನ್ನೆ ಮರದ ಮೇಲೆ ಸರಿಯಾಗಿ ಕೂರುವುದಿಲ್ಲ. ಕೆನ್ನೆ ಬಿಟ್ಟರೆ ಅದೇ ಮರ ದವಡೆಗೆ ಬಡಿಯುತ್ತದೆ. ಟೇಬಲ್ ಮೇಲಿನ ಮರಳು ಚೀಲಗಳನ್ನು ಎತ್ತರಿಸಿ ಬೆನ್ನು ನೆಟ್ಟಗೆ ಇಟ್ಟು ಕೂತೆ. ಬಟ್ ಅನ್ನು ಬಲಗೈಯಿಂದ ಹೆಗಲಿಗೆ ಬಿಗಿಯಾಗಿ ಎಳೆದುಕೊಂಡೆ. ಸಡಿಲ ಬಿಟ್ಟರೆ ಅದು ಓಡಿ ಬಂದು ಗುದ್ದುತ್ತದೆ. ನಿಂತು ಹೊಡೆಯುವಾಗ ಎಡಗಾಲು ಮುಂದಿಟ್ಟು ಸ್ವಲ್ಪ ಮುಂದಕ್ಕೆ ವಾಲಿದರೆ ಮೈಯೇ ಹಿಂದೆ ಸರಿದು ಒದೆತ ತಗೊಳ್ಳುತ್ತದೆ.

ಇಷ್ಟಾದರೂ ಗುಂಡುಗಳು ಗುರಿಯ ಕೆಳಗೇ ಬೀಳುತ್ತಿದ್ದವು. ನಮ್ಮ ಕಾಕಾ ಸೈನ್ಯದಲ್ಲಿದ್ದವರು. ಒಂದಿನ ನನಗೆ ಕಾಣದಂತೆ ತೋಟಾ ತುಂಬಿ ಕೊಟ್ಟರು. ಕುದುರೆ (ಟ್ರಿಗರ್) ಎಳೆದೆ. ಟಿಕ್ ಅಂದಿತು, ಸಿಡಿಯಲಿಲ್ಲ. ಅದು ಮದ್ದಿಲ್ಲದ ಡಮ್ಮಿ. ಆದರೆ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಕುಸಿದಿತ್ತು, ನನ್ನ ಕಣ್ಣು ಮುಚ್ಚಿತ್ತು.

“ತಮ್ಮಾ, ಅದು ಒದಿಯೋಕಿಂತ ಮೊದ್ಲೇ ನೀ ಅಂಜಲಾಕತ್ತೀದಿ,” ಅಂದರು ಕಾಕಾ.

ಆ ದಿನದಿಂದ ನಾನು ಹೆಗಲಿನ ಚಿಂತೆ ಬಿಟ್ಟು ಅಂಜಿಕೆಯ ಹಿಂದೆ ಬಿದ್ದೆ. ಸದ್ದೇ ಅರ್ಧ ಅಂಜಿಕೆ. ಕಿವಿಗೆ ಸ್ಪಂಜಿನ ಬೆಣೆ, ಅದರ ಮೇಲೆ ಇಯರ್ ಮಫ್ ಹಾಕಿದೆ. ಅಷ್ಟಕ್ಕೇ ಬಂದೂಕು ಹಗುರಾದ ಹಾಗೆ ಅನಿಸಿತು. ಮನೆಯಲ್ಲಿ ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿ, ಬಂದೂಕು ಖಾಲಿ ಅಂತ ಎರಡು ಸಲ ನೋಡಿ, ಹೊರಗೋಡೆಯ ಮೇಲಿನ ಚುಕ್ಕೆಗೆ ಗುರಿ ಹಿಡಿಯುತ್ತಿದ್ದೆ. ಅರ್ಧ ಉಸಿರು ಬಿಟ್ಟು ಕುದುರೆಯನ್ನು ನಿಧಾನವಾಗಿ ಒತ್ತುವುದು. ಟಿಕ್ ಅಂದಾಗ ನಳಿಗೆಯ ತುದಿಯ ಗುರಿಮೊನೆ ಎಲ್ಲಿತ್ತು ಅಂತ ಬಾಯಿಬಿಟ್ಟು ಹೇಳುವುದು. ದಿನಾ ಇಪ್ಪತ್ತು ನಿಮಿಷ.

ರೇಂಜ್‌ನಲ್ಲಿ ಈಗಲೂ ಕಾಕಾನೇ ತುಂಬಿ ಕೊಡುತ್ತಾರೆ. ಐದರಲ್ಲಿ ಎರಡು ಡಮ್ಮಿ. ಯಾವುದು ಅಂತ ನನಗೆ ಗೊತ್ತಿರಲ್ಲ. ಕಳೆದ ಸಲ ಎರಡೂ ಡಮ್ಮಿಗೆ ಗುರಿಮೊನೆ ಇದ್ದಲ್ಲೇ ಇತ್ತು. ಆದರೂ ಒಂದು ದಿನಕ್ಕೆ ಹತ್ತೇ ಗುಂಡು. ಹೆಗಲು ದಣಿದರೆ ಅಂಜಿಕೆ ಮತ್ತೆ ಬರುತ್ತದೆ. ಹನ್ನೊಂದನೆಯದಕ್ಕೆ ನಾನು ಒದೆತ ಕಡಿಮೆಯ ಪಾಯಿಂಟ್ 22 ರೈಫಲ್ ಎತ್ತಿಕೊಳ್ಳುತ್ತೇನೆ.