ರಾತ್ರಿ ಮುಕ್ಕುವುದು ನಿಂತದ್ದು ಬೆಳಗಿನ ತಿಂಡಿಯಿಂದ

ಮದುವೆಮನೆಯಲ್ಲಿ ಎರಡು ಹೋಳಿಗೆ ಜಾಸ್ತಿ ಹಾಕಿಸಿಕೊಳ್ಳುವವನನ್ನು ನಾವು ಹೊಟ್ಟೆಬಾಕ ಅಂತ ನಗುತ್ತೇವೆ. ಅವನು ಖುಷಿಯಾಗಿ, ನಾಲ್ಕು ಜನರ ಎದುರಿಗೇ ತಿನ್ನುತ್ತಾನೆ. ನಾನು ತಿನ್ನುತ್ತಿದ್ದದ್ದು ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ದೀಪವನ್ನೂ ಹಾಕದೆ, ಫ್ರಿಜ್ಜಿನ ಬೆಳಕಿನಲ್ಲಿ ನಿಂತುಕೊಂಡು. ಮೊದಲು ಕೋಡುಬಳೆ, ಆಮೇಲೆ ಬ್ರೆಡ್ಡು, ಅದೂ ಮುಗಿದರೆ ತಂಗಳನ್ನಕ್ಕೆ ಉಪ್ಪಿನಕಾಯಿ. ರುಚಿ ಗೊತ್ತಾಗುತ್ತಿರಲಿಲ್ಲ, ಹೊಟ್ಟೆ ಬಿರಿಯುವಂತಾದರೂ ಕೈ ನಿಲ್ಲುತ್ತಿರಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ಸದ್ದಾಗದಂತೆ ಬನಿಯನ್ನಿನ ತುದಿಯಲ್ಲಿ ಹಿಡಿದು ತೆಗೆಯುವ ಕಲೆಯೂ ಸಿದ್ಧಿಸಿತ್ತು.

ಇದಕ್ಕೊಂದು ಹೆಸರಿದೆ ಅಂತ ತಿಳಿದದ್ದು ಮನಃಶಾಸ್ತ್ರಜ್ಞೆಯೊಬ್ಬರ ಹತ್ತಿರ ಹೋದಾಗ. ಬಿಂಜ್ ಈಟಿಂಗ್ ಡಿಸಾರ್ಡರ್. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿ ಡಿಎಸ್‌ಎಂ-5ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ, ಹಿಡಿತ ತಪ್ಪಿ ತಿನ್ನುವುದು, ತಿಂದಾದ ಮೇಲೆ ಒಳಗೊಳಗೇ ಬೇಯುವುದು: ಸ್ಥೂಲವಾಗಿ ಇಷ್ಟು. ತಿಂದದ್ದನ್ನು ವಾಂತಿ ಮಾಡಿ ಅಥವಾ ಭೇದಿ ಮಾತ್ರೆ ತಗೊಂಡು ಹೊರಹಾಕುವ ಅಭ್ಯಾಸವಿದ್ದರೆ ಅದು ಬೇರೆ ಕಾಯಿಲೆ. ಅಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು.

ರಾತ್ರಿ ಏನು ತಿಂದೆ ಅಂತ ಕೇಳುತ್ತಾರೆಂದು ಪಟ್ಟಿ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು, "ಬೆಳಿಗ್ಗೆ ಏನು ತಿಂದ್ರಿ?"

ಬರೀ ಕಾಫಿ. ಮಧ್ಯಾಹ್ನ ಸೌತೆಕಾಯಿ, ಒಂದು ಲೋಟ ಮಜ್ಜಿಗೆ. ಶನಿವಾರ ಒಪ್ಪತ್ತು, ಏಕಾದಶಿಗೆ ಪೂರ್ತಿ ಉಪವಾಸ. ಹೇಳಿಕೊಳ್ಳುವುದಕ್ಕೆ ದೇವರ ಹೆಸರು, ಒಳಗಿನ ಲೆಕ್ಕವೆಲ್ಲ ರಾತ್ರಿಯ ಸಾಲ ತೀರಿಸುವುದು.

ಅವರು ಒಂದು ಹಳೆಯ ಪ್ರಯೋಗದ ಕಥೆ ಹೇಳಿದರು. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಜನ ಗಟ್ಟಿಮುಟ್ಟಾದ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ಊಟದ್ದೇ ಧ್ಯಾನ, ಊಟದ್ದೇ ಕನಸು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಆಮೇಲೆ ಬೇಕಾದಷ್ಟು ತಿನ್ನಿ ಅಂತ ಬಿಟ್ಟಾಗ, ಹೊಟ್ಟೆ ತುಂಬಿದರೂ ಹಸಿವು ಹೋಗದೆ ತಿಂದೇ ತಿಂದರು. ಅಲ್ಲಿಯವರೆಗೆ ನನಗೆ ಮನೋಬಲ ಇಲ್ಲ ಅಂತ ನಂಬಿಕೊಂಡಿದ್ದೆ. ಹಗಲೆಲ್ಲ ಹಸಿವಿನಲ್ಲಿಟ್ಟ ದೇಹ ರಾತ್ರಿ ವಸೂಲಿಗೆ ಬರುತ್ತಿತ್ತು, ಅಷ್ಟೇ.

ಚಿಕಿತ್ಸೆಯ ಮೊದಲ ಪಾಠ ಹೊತ್ತುಹೊತ್ತಿಗೆ ತಿನ್ನುವುದು. ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಒಂದು ಬಾಳೆಹಣ್ಣು, ಒಂದೂವರೆಗೆ ಊಟ, ಐದಕ್ಕೆ ಏನಾದರೂ ಕುರುಕಲು, ಎಂಟೂವರೆಗೆ ರಾತ್ರಿ ಊಟ. ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಬಿಡುವು ಕೊಡಬಾರದು. ಹಸಿವಾಗಲಿ ಬಿಡಲಿ, ಹೊತ್ತಾಯಿತು ಅಂದರೆ ತಿನ್ನಬೇಕು. ಬೆಳಿಗ್ಗೆ ಮೂರು ಇಡ್ಲಿ ತಟ್ಟೆಗೆ ಹಾಕಿಕೊಂಡಾಗ ಊದಿಹೋಗುತ್ತೇನೆ ಅನ್ನುವ ಹೆದರಿಕೆ ಇದ್ದೇ ಇತ್ತು. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ, ವಾರಕ್ಕೊಂದೇ ಸಲ ಇಳಿಸುವುದು ಅಂತ ಕಟ್ಟುಮಾಡಿಕೊಂಡೆ. (ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ.)

ಎರಡನೆಯದು, ಜೇಬಲ್ಲೊಂದು ಪುಟ್ಟ ನೋಟ್‌ಬುಕ್ಕು. ಹೊತ್ತು, ತಿಂದದ್ದು, ಎಲ್ಲಿ, ಮನಸ್ಸಿನಲ್ಲಿ ಏನಿತ್ತು. ತಿಂದ ತಕ್ಷಣ ಬರೆಯಬೇಕು, ಕ್ಯಾಲೊರಿ ಬರೆಯಕೂಡದು. ಕೆಲವು ವಾರ ಕಳೆದು ತಿರುವಿಹಾಕಿದರೆ ಕಣ್ಣಿಗೆ ಹೊಡೆಯಿತು: ಆಫೀಸಿನ ಗಡಿಬಿಡಿಯಲ್ಲಿ ಐದು ಗಂಟೆಯದ್ದು ತಪ್ಪಿದ ದಿನ, ಊರಿನಿಂದ ಜಮೀನಿನ ತಂಟೆಯ ಫೋನ್ ಬಂದ ದಿನ, ಅವತ್ತೇ ರಾತ್ರಿ ಡಬ್ಬಿ ಖಾಲಿ. ಹಸಿವಿಗೆ ತಿಂಡಿ ಉತ್ತರವಾಯಿತು. ಜಮೀನಿನ ಸಂಕಟಕ್ಕೆ ಅಕ್ಕನಿಗೆ ಫೋನ್ ಮಾಡಿ ಹೊಟ್ಟೆಯೊಳಗಿನದ್ದನ್ನೆಲ್ಲ ಹೇಳುವುದು ಉತ್ತರವಾಯಿತು. ಅವಳು ಅರ್ಧ ಗಂಟೆ ಮಾತಾಡುವಷ್ಟರಲ್ಲಿ ತಿನ್ನುವ ತವಕ ಎಷ್ಟೋ ಇಳಿದಿರುತ್ತಿತ್ತು.

ಮನೆಗೇ ತರಬಾರದು ಅಂತ ನಿಷೇಧ ಹಾಕಿದ್ದ ದಿಲ್‌ಪಸಂದನ್ನು ಬೇಕೆಂದೇ ತಂದು, ಮಧ್ಯಾಹ್ನ ಊಟವಾದ ಮೇಲೆ ಎಲ್ಲರ ಜೊತೆ ಕೂತು ಒಂದು ತುಂಡು ತಿನ್ನುವುದೂ ಚಿಕಿತ್ಸೆಯೇ. ವಿಚಿತ್ರ ಅನ್ನಿಸಬಹುದು. ಕದ್ದು ತಿನ್ನುವ ತಿಂಡಿಗೆ ಇದ್ದ ಸೆಳೆತ ತಟ್ಟೆಯಲ್ಲಿಟ್ಟ ತಿಂಡಿಗೆ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಜಾರಿದ ಮರುದಿನ. ಅಮ್ಮ "ರಾತ್ರಿ ಅಷ್ಟೊಂದು ತಿಂದಿದ್ದೀಯಲ್ಲೋ, ಇವತ್ತೊಂದು ಹೊತ್ತು ಬಿಡು, ಲಂಘನಂ ಪರಮೌಷಧಂ" ಅನ್ನೋಳು. ಅಜೀರ್ಣಕ್ಕೆ ಅದು ಸರಿಯಿರಬಹುದು. ನನ್ನ ಕಾಯಿಲೆಗೆ ಲಂಘನವೇ ಬೀಜ. ಹೊಟ್ಟೆ ಭಾರವಿದ್ದರೂ ಎಂಟು ಗಂಟೆಗೆ ಕೂತು ಸ್ವಲ್ಪ ಉಪ್ಪಿಟ್ಟಾದರೂ ತಿನ್ನುತ್ತಿದ್ದೆ. ಏಕಾದಶಿಯನ್ನೂ ಬಿಟ್ಟೆ. ಅಮ್ಮ ಒಂದಷ್ಟು ದಿನ ಮುಖ ಗಂಟಿಕ್ಕಿಕೊಂಡಿದ್ದಳು. ಆಮೇಲೆ ತಾನೇ "ತಿಂಡಿ ಆಯ್ತೇನೋ" ಅಂತ ಆಫೀಸಿಗೆ ಫೋನ್ ಮಾಡತೊಡಗಿದಳು.

ಮನಃಶಾಸ್ತ್ರಜ್ಞರ ಹತ್ತಿರ ನೇರ ಹೋಗಲು ಸಂಕೋಚವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಮೊದಲು ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗಂಡಸರಿಗೆ ಇದೆಲ್ಲ ಬರುವುದಿಲ್ಲ ಅಂದುಕೊಂಡು ಸುಮ್ಮನಿರುವವರು ನನ್ನ ಹಾಗೆ ಇನ್ನೂ ಇರಬೇಕು, ಅವರಿಗೂ ಇದನ್ನೇ ಹೇಳುತ್ತೇನೆ.

ಪೂರ್ತಿ ಹೋಯಿತೇ ಅಂದರೆ, ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವ ರಾತ್ರಿಗಳಲ್ಲಿ ಈಗಲೂ ತಲೆ ಹಾಕುತ್ತದೆ. ಅದಕ್ಕೇ ಡ್ರಾಯರಿನಲ್ಲಿ ಹುರಿಗಡಲೆ, ಕಡಲೆಬೀಜ ಇಟ್ಟಿರುತ್ತೇನೆ. ಲೆಡ್ಜರ್ ತಾಳೆಯಾಗಲಿ ಆಗದಿರಲಿ, ಐದಾಯಿತು ಅಂದರೆ ಡ್ರಾಯರ್ ಎಳೆಯುತ್ತೇನೆ. ಪಕ್ಕದ ಸೀಟಿನವರಿಗೂ ಈಗ ಅಭ್ಯಾಸವಾಗಿದೆ, ಕೇಳದೆಯೇ ಕೈ ಒಡ್ಡುತ್ತಾರೆ.